ತಲೆ ಇಲ್ಲ, ತಲೆನೋವು ಇದೆ

ರಸಮಂಜರಿ ವೇದಿಕೆಯ ಮೇಲೆ ತಲೆಯಿಲ್ಲದ ಬೇಸ್ ಗಿಟಾರ್ ಹಿಡಿದು ನಿಂತವನಿಗೆ ಎರಡು ಪ್ರಶ್ನೆ ಖಾಯಂ. ಒಂದು ಪೆಂಡಾಲಿನ ಹುಡುಗರದು: ‘ಮುರಿದೋಯ್ತಾ ಸಾರ್?’ ಇನ್ನೊಂದು ಬೇರೆ ಆರ್ಕೆಸ್ಟ್ರಾದ ವಾದಕರದು: ‘ಎಷ್ಟು ಬಿತ್ತು?’ ಮೊದಲನೆಯದಕ್ಕೆ ನಾನು ನಕ್ಕು ಸುಮ್ಮನಾಗುತ್ತೇನೆ. ಎರಡನೆಯದಕ್ಕೆ ನಿಜ ಹೇಳಿದರೆ ಕೇಳಿದವರು ಸುಮ್ಮನಾಗುತ್ತಾರೆ.

ಕೇಳಬೇಕಾದದ್ದು ಮೂರನೆಯ ಪ್ರಶ್ನೆ. ದೂರದ ಯಾವುದೋ ಊರಿನ ಸಣ್ಣ ವರ್ಕ್‌ಶಾಪಿನಲ್ಲಿ ಒಬ್ಬನೇ ಕುಶಲಕರ್ಮಿ ಮಾಡಿದ, ಲಕ್ಷಗಟ್ಟಲೆ ಬೆಲೆಯ, ಬಿಡಿಭಾಗ ನಮ್ಮ ಅಂಗಡಿಗಳಲ್ಲಿ ಸಿಗದ ಇಂಥ ಬೂಟೀಕ್ ವಾದ್ಯವನ್ನು ನಂಬಿ ಊರೂರು ತಿರುಗಿ ಹೊಟ್ಟೆ ಹೊರೆಯಬಹುದೇ? ಹೊರೆಯಬಹುದು, ನಾನು ಹೊರೆಯುತ್ತಿದ್ದೇನೆ. ಆದರೆ ಅದಕ್ಕೊಂದಿಷ್ಟು ಕಟ್ಟುಪಾಡು ಬೇಕು. ಮೊದಲು ಕೊರಿಯಾದಲ್ಲಿ ತಯಾರಾದ ಹಳೆಯ ಹೋನರ್ ಬಿ2, ಈಗ ಯುರೋಪಿನ ತಯಾರಕನೊಬ್ಬ ಮಾಡಿಕೊಟ್ಟ ಐದು ತಂತಿಯ ಬೇಸ್. ಇವೆರಡರ ಸಹವಾಸದಲ್ಲಿ ತಿಳಿದದ್ದು ಇಷ್ಟು.

1. ಮೊದಲು ಕಬ್ಬಿಣ ನೋಡಿ, ಆಮೇಲೆ ಮರ

ತಲೆಯಿಲ್ಲದ ಬೇಸಿನಲ್ಲಿ ತಲೆಯ ಕೆಲಸ ಎಲ್ಲಿಗೂ ಹೋಗಿರುವುದಿಲ್ಲ, ಬಾಲಕ್ಕೆ ಬಂದು ಕೂತಿರುತ್ತದೆ. ಮಾಮೂಲಿ ಬೇಸಿನಲ್ಲಿ ತಂತಿ ಬಿರಡೆಗೆ ಸುತ್ತಿಕೊಳ್ಳುತ್ತದೆ. ಇಲ್ಲಿ ನೆಕ್ಕಿನ ತುದಿಯಲ್ಲಿ ತಂತಿಯನ್ನು ಕಚ್ಚಿ ಹಿಡಿಯುವ ಒಂದು ಸಣ್ಣ ಲೋಹದ ತುಂಡು ಮಾತ್ರ ಇರುತ್ತದೆ, ಶ್ರುತಿ ಮಾಡುವ ಸ್ಕ್ರೂಗಳು ಬ್ರಿಡ್ಜಿನ ಹಿಂದೆ ಇರುತ್ತವೆ. ವೀಣೆ ನುಡಿಸುವವರಿಗೆ ಇದು ಅರ್ಧ ಪರಿಚಿತ. ಅವರು ಬಿರಡೆ ತಿರುಗಿಸಿ ಒರಟಾಗಿ ಶ್ರುತಿಗೆ ತಂದು, ಕುದುರೆಯಾಚೆ ನಾಗಪಾಶದ ಬಳಿಯ ಸಣ್ಣ ಉಂಗುರ ಜರುಗಿಸಿ ನಯಗೊಳಿಸುತ್ತಾರೆ. ತಲೆಯಿಲ್ಲದ ಬೇಸಿನಲ್ಲಿ ಆ ಬಾಲದ ಕಡೆಯ ಕೆಲಸವೇ ಪೂರ್ತಿ ಕೆಲಸ.

ಇದನ್ನು ಮಾರುಕಟ್ಟೆಗೆ ತಂದ ನೆಡ್ ಸ್ಟೈನ್‌ಬರ್ಗರ್ ಸಂಗೀತಗಾರನಲ್ಲ, ಪೀಠೋಪಕರಣಗಳ ವಿನ್ಯಾಸಕ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಡಗಿಗಳ ಒಂದು ಸಹಕಾರಿ ಕಾರ್ಯಾಗಾರದಲ್ಲಿ ಇದ್ದಾಗ ಪಕ್ಕದಲ್ಲೇ ಗಿಟಾರ್ ಮಾಡುತ್ತಿದ್ದ ಸ್ಟುವರ್ಟ್ ಸ್ಪೆಕ್ಟರ್‌ಗಾಗಿ ಮೈಗೆ ಒಗ್ಗುವಂಥ ಬಾಗಿದ ಬಾಡಿಯ ಬೇಸ್ ಒಂದನ್ನು ಆತ ವಿನ್ಯಾಸ ಮಾಡಿದ. ಅದು 1977ರ ಎನ್‌ಎಸ್-1. ಬೇಸಿನ ತಲೆ ಏಕೆ ಇಷ್ಟು ಭಾರ, ಅಲ್ಲಿ ಬಿರಡೆ ಇರಲೇಬೇಕೇ ಎಂದು ಸಂಗೀತಗಾರ ಕೇಳಿಕೊಳ್ಳುವುದಿಲ್ಲ, ಹುಟ್ಟಿದಾಗಿನಿಂದ ಹಾಗೆಯೇ ಕಂಡಿರುತ್ತಾನೆ. ಕುರ್ಚಿ ಮಾಡುವವನು ಕೇಳಿದ. 1980ರ ಹೊತ್ತಿಗೆ ಸ್ವಂತ ಕಂಪನಿ ತೆರೆದು ಎಲ್2 ಎಂಬ ಬೇಸ್ ತಂದ. ಕಪ್ಪು ದೋಣಿಯ ಹುಟ್ಟಿನಂಥ ಆಕಾರ, ಮರವೇ ಇಲ್ಲ, ಇಡೀ ವಾದ್ಯ ಕಾರ್ಬನ್ ಮತ್ತು ಗಾಜಿನ ನಾರು ಬೆರೆಸಿದ ಎಪಾಕ್ಸಿ. 1981ರ ಅತ್ಯುತ್ತಮ ವಿನ್ಯಾಸಗಳ ಪಟ್ಟಿಯಲ್ಲಿ ಟೈಮ್ ಪತ್ರಿಕೆ ಅದನ್ನೂ ಸೇರಿಸಿತು. ಬೇಸ್ ವಾದಕ ಟೋನಿ ಲೆವಿನ್ ಹಿಡಿದರು, ರಷ್ ತಂಡದ ಗೆಡ್ಡಿ ಲೀ ಹಿಡಿದರು. 1987ರಲ್ಲಿ ಕಂಪನಿ ಗಿಬ್ಸನ್ ಪಾಲಾಯಿತು.

ಈ ಚರಿತ್ರೆಯನ್ನು ನೆನಪಿಸುವುದಕ್ಕೆ ಕಾರಣವಿದೆ. ಎಲ್2 ಮೆರೆದದ್ದು ಅದರ ಲೋಹದ ಭಾಗಗಳಿಂದ. ತಂತಿ ಕೂರುವ ಜಾಗ, ಸ್ಕ್ರೂವಿನ ನಯ, ಹಿಡಿತದ ಬಿಗಿ ಎಲ್ಲವೂ ಯಂತ್ರಶಾಲೆಯ ಕರಾರುವಾಕ್ಕು ಕೆಲಸ. ಇವತ್ತಿನ ಬೂಟೀಕ್ ತಯಾರಕರ ಚಿತ್ರಗಳನ್ನು ನೋಡಿದರೆ ಕಣ್ಣು ಮೊದಲು ಮರಕ್ಕೆ ಅಂಟಿಕೊಳ್ಳುತ್ತದೆ: ಅಲೆಯಲೆಯಾದ ಮೇಪಲ್, ವಾಲ್ನಟ್, ಸುಟ್ಟ ಬೂದಿ ಬಣ್ಣದ ಪಾಪ್ಲರ್ ಗಂಟು. ಅದೆಲ್ಲ ಚೆಂದವೇ. ಆದರೆ ಹತ್ತು ವರ್ಷ ಕಳೆದ ಮೇಲೂ ಆ ವಾದ್ಯ ನುಡಿಯುತ್ತದೋ ಇಲ್ಲವೋ ಎಂಬುದು ಬಾಲದಲ್ಲಿರುವ ಅಂಗೈಯಗಲದ ಲೋಹದ ಮೇಲೆ ನಿಂತಿದೆ. ಜರ್ಮನಿಯ ಎಬಿಎಂ, ಅಮೆರಿಕದ ಹಿಪ್‌ಶಾಟ್‌ನಂಥವರು ಈ ಭಾಗಗಳನ್ನು ಬಿಡಿಯಾಗಿಯೂ ಮಾರುತ್ತಾರೆ. ನಿಮ್ಮ ತಯಾರಕ ಅವನ್ನು ಬಳಸಿದ್ದರೆ ನಾಳೆ ಆತ ಅಂಗಡಿ ಮುಚ್ಚಿದರೂ ನಿಮಗೆ ಬಿಡಿಭಾಗ ಸಿಗುತ್ತದೆ. ತಾನೇ ಕಡೆದು ಮಾಡಿದ ಬ್ರಿಡ್ಜ್ ಎಂದು ಆತ ಹೆಮ್ಮೆಪಟ್ಟರೆ ಆ ಹೆಮ್ಮೆಯ ಬಾಡಿಗೆಯನ್ನು ಮುಂದೆ ನೀವು ಕಟ್ಟಬೇಕು.

2. ಹೆಗಲು ಬೇಗ ಒಪ್ಪುತ್ತದೆ, ಎಡಗೈ ತಡವಾಗಿ

ಗಣೇಶೋತ್ಸವದ ಕಾರ್ಯಕ್ರಮ ಏಳಕ್ಕೆ ಎಂದರೆ ಎಂಟೂವರೆಗೆ ಶುರು, ಮುಗಿಯುವುದು ಪೊಲೀಸರು ಬಂದು ಕೈಸನ್ನೆ ಮಾಡಿದಾಗ. ಅಷ್ಟು ಹೊತ್ತು ನಾಲ್ಕು ಕೆಜಿ, ನಾಲ್ಕೂವರೆ ಕೆಜಿ ತೂಕದ ಬೇಸ್ ಎಡ ಹೆಗಲಿನಿಂದ ನೇತಾಡುತ್ತದೆ. ತೂಕಕ್ಕಿಂತ ಕೆಟ್ಟದ್ದು ಅದರ ವಾಲಾಟ. ಹಳೆಯ ಮಾದರಿಯ ಬಿರಡೆ ಒಂದೊಂದೂ ಸುಮಾರು 100 ಗ್ರಾಂ ತೂಗುತ್ತದೆ. ಅಂಥವು ನಾಲ್ಕೋ ಐದೋ ನೆಕ್ಕಿನ ತುದಿಯಲ್ಲಿ ಕೂತರೆ ತಲೆ ನೆಲದ ಕಡೆ ಜಗ್ಗುತ್ತದೆ. ಅದನ್ನು ಎತ್ತಿ ಹಿಡಿಯುವ ಕೂಲಿ ಎಡಗೈಯದು. ನುಡಿಸಬೇಕಾದ ಕೈ ಹೊರುತ್ತಾ ನಿಂತರೆ ಹೆಬ್ಬೆರಳ ಬುಡ ರಾತ್ರಿಯೆಲ್ಲ ಜುಮುಗುಡುತ್ತದೆ.

ತಲೆ ತೆಗೆದರೆ ಈ ಜಗ್ಗಾಟ ಹೋಗುತ್ತದೆ. ಇದರಲ್ಲಿ ಅನುಮಾನವೇ ಇಲ್ಲ. ಒಂದು ವಾರದಲ್ಲಿ ಹೆಗಲು ಕೃತಜ್ಞತೆ ಹೇಳುತ್ತದೆ. ಆದರೆ ಚಿಕ್ಕದಾದದ್ದೆಲ್ಲ ಹಗುರ ಎಂದುಕೊಳ್ಳಬಾರದು. ಕಾರ್ಬನ್ ನಾರಿನ ಹಳೆಯ ಸ್ಟೈನ್‌ಬರ್ಗರ್‌ಗಳು ನೋಟಕ್ಕೆ ಆಟಿಕೆಯಂತಿದ್ದರೂ ಕೈಗೆತ್ತಿಕೊಂಡರೆ ಗಟ್ಟಿ ತೂಕ. ಈಚಿನ ಮರದ ಬೇಸುಗಳು ಮೂರು ಕೆಜಿ ಆಸುಪಾಸಿಗೆ ಇಳಿದಿವೆ. ಆರ್ಡರ್ ಕೊಡುವಾಗ ತೂಕವನ್ನು ಬರಹದಲ್ಲಿ ಕೇಳಿ, ‘ಹಗುರವಾಗಿರುತ್ತದೆ’ ಎಂಬ ಬಾಯಿಮಾತು ಸಾಲದು.

ಎಡಗೈಯ ಕಥೆ ಬೇರೆ. ಬೆಲ್ಟ್ ಸಿಕ್ಕಿಸುವ ಮೇಲುಕೊಂಬು ಚಿಕ್ಕದಾದಷ್ಟೂ ಇಡೀ ವಾದ್ಯ ಎಡಕ್ಕೆ ಸರಿದು ನೇತಾಡುತ್ತದೆ, ಮೊದಲ ಫ್ರೆಟ್ ದೂರವಾಗುತ್ತದೆ. ಎಲ್2ಗೆ ಕೊಂಬೇ ಇಲ್ಲದ್ದರಿಂದ ಹಿಂಬದಿಯಲ್ಲಿ ತಿರುಗುವ ಒಂದು ತಟ್ಟೆ ಇಟ್ಟು ಬೆಲ್ಟ್ ಕಟ್ಟಬೇಕಾಯಿತು, ಕೂತು ನುಡಿಸುವಾಗ ತೊಡೆಗೆ ಮಡಚುವ ಕಾಲೊಂದು ಬೇಕಾಯಿತು. ಇದರ ಜೊತೆಗೆ ಕಣ್ಣಿನ ಗೊಂದಲವೂ ಇದೆ. ಇಷ್ಟು ವರ್ಷ ಓರೆಗಣ್ಣಿಗೆ ತಲೆ ಕಾಣುತ್ತಿತ್ತು, ಅದರಿಂದ ಅಳೆದು ಬೆರಳು ತಾನಾಗಿ ಒಂದನೆಯ ಫ್ರೆಟ್ಟಿಗೆ ಹೋಗುತ್ತಿತ್ತು. ಈಗ ಅಲ್ಲಿ ಬರೀ ಗಾಳಿ. ಎಫ್ ಬಾರಿಸಲು ಹೋದ ಬೆರಳು ಎಫ್ ಶಾರ್ಪ್ ಮೇಲೆ ಇಳಿಯುತ್ತದೆ. ಕೊಂಡ ವಾದ್ಯವನ್ನು ನೇರ ವೇದಿಕೆಗೆ ಒಯ್ಯದೆ ಮನೆಯಲ್ಲಿ ದೀಪ ಆರಿಸಿ ನುಡಿಸಿ ಕೈಗೆ ಹೊಸ ಅಳತೆ ಕಲಿಸಿ.

ಅಂದಹಾಗೆ, ಇಕ್ಕಟ್ಟಾದ ವೇದಿಕೆಯಲ್ಲಿ ಹಿಂತಿರುಗಿದಾಗ ಡ್ರಮ್ಸ್‌ನ ಸಿಂಬಲ್‌ಗೆ ಢಣ್ ಎಂದು ಬಡಿಯಲು ಇಲ್ಲಿ ತಲೆಯೇ ಇಲ್ಲ. ಇದನ್ನು ಯಾವ ತಯಾರಕನೂ ಜಾಹೀರಾತಿನಲ್ಲಿ ಹಾಕುವುದಿಲ್ಲ.

3. ಬಸ್ಸಿಗೆ ಸರಿ, ವಿಮಾನಕ್ಕೆ ಅದೃಷ್ಟ

ಸಾಮಾನ್ಯ ಬೇಸಿನ ಒಟ್ಟು ಉದ್ದ ಸುಮಾರು 118 ಸೆಂಟಿಮೀಟರ್. ಅದೇ 34 ಇಂಚಿನ ತಂತಿಯಳತೆ ಇಟ್ಟುಕೊಂಡೂ ತಲೆಯಿಲ್ಲದ್ದು ಒಂದು ಮೀಟರಿನ ಒಳಗೆ ಮುಗಿಯುತ್ತದೆ. ಕಾಗದದ ಮೇಲೆ ಒಂದು ಗೇಣು ವ್ಯತ್ಯಾಸ ಅಷ್ಟೆ. ಅಂಬಾರಿ ಸ್ಲೀಪರ್ ಬಸ್ಸಿನಲ್ಲಿ ಕಾಲು ಚಾಚಿ ಮಲಗಿ ಗೋಡೆಯ ಪಕ್ಕಕ್ಕೆ ಬೇಸ್ ಮಲಗಿಸಿದಾಗ ಆ ಗೇಣಿನ ಬೆಲೆ ತಿಳಿಯುತ್ತದೆ. ಲಗೇಜ್ ಡಿಕ್ಕಿಯಲ್ಲಿ ಈರುಳ್ಳಿ ಮೂಟೆಯ ಕೆಳಗೆ ವಾದ್ಯ ಹಾಕುವ ಪ್ರಮೇಯವೇ ಇಲ್ಲ. ಸ್ಕೂಟರಿನಲ್ಲಿ ಬೆನ್ನಿಗೆ ಹಾಕಿಕೊಂಡರೆ ಮರದ ಕೊಂಬೆಗೆ ತಾಗುವ ಭಯವಿಲ್ಲ.

ವಿಮಾನದ ವಿಚಾರದಲ್ಲಿ ಮಾತ್ರ ಮಾರಾಟಗಾರರ ಮಾತು ನಂಬಬೇಡಿ. ನಮ್ಮ ದೇಶೀಯ ವಿಮಾನಗಳಲ್ಲಿ ಕೈಚೀಲದ ಮಿತಿ ಸಾಮಾನ್ಯವಾಗಿ 7 ಕೆಜಿ, ಉದ್ದ 55 ಸೆಂಟಿಮೀಟರ್. ಲೆಕ್ಕದ ಪ್ರಕಾರ ತಲೆಯಿಲ್ಲದ ಬೇಸೂ ಅನರ್ಹವೇ. ಏರ್‌ಬಸ್ 320ರಂಥ ದೊಡ್ಡ ವಿಮಾನದ ಮೇಲ್ಗೂಡಿನಲ್ಲಿ ಅದು ಓರೆಯಾಗಿ ಕೂರುತ್ತದೆ, ಗೇಟಿನಲ್ಲಿ ನಿಂತವರು ಒಪ್ಪಿದರೆ. ಸಣ್ಣ ಊರುಗಳಿಗೆ ಹಾರುವ ಎಟಿಆರ್ ವಿಮಾನದ ಗೂಡು ಚಿಕ್ಕದು, ಅಲ್ಲಿ ಗೇಟಿನವರು ಒಪ್ಪಿಯೂ ಪ್ರಯೋಜನವಿಲ್ಲ. ಆದ್ದರಿಂದ ಮೆತ್ತನೆಯ ಬ್ಯಾಗ್ ಸಾಲದು, ಕೆಳಗಿನ ಹೊಟ್ಟೆಗೆ ಹಾಕಿದರೂ ಉಳಿಯುವಂಥ ಗಟ್ಟಿ ಪೆಟ್ಟಿಗೆಯೊಂದನ್ನು ಬೇಸಿನ ಜೊತೆಯಲ್ಲೇ ತರಿಸಿಕೊಳ್ಳಿ. ಬೂಟೀಕ್ ಬೇಸುಗಳ ಆಕಾರ ಒಂದೊಂದೂ ಒಂದೊಂದು ತರ, ಆಮೇಲೆ ಅಳತೆಗೆ ಹೊಂದುವ ಪೆಟ್ಟಿಗೆ ಹುಡುಕುವುದು ಬೇರೆಯೇ ಹರಕೆ.

4. ತಂತಿ ಎಲ್ಲಿ ಸಿಗುತ್ತದೆ ಎಂದು ಕೇಳದೆ ಮುಂಗಡ ಕೊಡಬೇಡಿ

ಈ ಪಾಠಕ್ಕೆ ನಾನು ಅತಿ ಹೆಚ್ಚು ಬೆಲೆ ಕೊಡುತ್ತೇನೆ. ಮಿಕ್ಕದ್ದನ್ನು ಮರೆತರೂ ಸರಿ, ಇದನ್ನು ಮರೆಯಬೇಡಿ.

ಮೂಲ ಸ್ಟೈನ್‌ಬರ್ಗರ್ ಮತ್ತು ಅದರ ಪರವಾನಗಿ ಪಡೆದು ಮಾಡಿದ ಹೋನರ್‌ನಂಥ ಬೇಸುಗಳು ಬಯಸುವುದು ಎರಡೂ ತುದಿಯಲ್ಲಿ ಗುಂಡು ಇರುವ ತಂತಿಯನ್ನು. ಅದರ ಸುಖ ಹೇಳತೀರದು. ಹಳೆಯದನ್ನು ಸಡಿಲಿಸಿ ತೆಗೆದು, ಹೊಸದರ ಒಂದು ಗುಂಡನ್ನು ಮೇಲೆ, ಇನ್ನೊಂದನ್ನು ಕೆಳಗೆ ಕೂರಿಸಿ ಸ್ಕ್ರೂ ತಿರುಗಿಸಿದರೆ ಒಂದು ನಿಮಿಷದಲ್ಲಿ ಕೆಲಸ ಮುಗಿಯಿತು. ಕತ್ತರಿಸುವುದಿಲ್ಲ, ಸುತ್ತುವುದಿಲ್ಲ. ಸುತ್ತು ಇಲ್ಲದ್ದರಿಂದ ಹೊಸ ತಂತಿಯೂ ಬೇಗ ಶ್ರುತಿಯಲ್ಲಿ ನೆಲೆಯಾಗುತ್ತದೆ. ಗಾಯಕ ಪ್ರೇಕ್ಷಕರ ಜೊತೆ ಎರಡು ಮಾತಾಡಿ ಮುಗಿಸುವಷ್ಟರಲ್ಲಿ ತಂತಿ ಬದಲಿಸಬಹುದು.

ಕಷ್ಟವೆಂದರೆ ಆ ತಂತಿ ಬೆಂಗಳೂರಿನ ಅಂಗಡಿಗಳಲ್ಲಿ ಸುಲಭಕ್ಕೆ ಕೈಗೆ ಸಿಗುವಂಥದ್ದಲ್ಲ. ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ತಂಬೂರಿಯ ತಂತಿ, ವೀಣೆಯ ತಂತಿ, ಪಿಟೀಲಿನ ತಂತಿ ಕೇಳಿದ ತಕ್ಷಣ ಬರುತ್ತದೆ, ಇದಲ್ಲ. ತರಿಸಿಕೊಳ್ಳಬೇಕು. ತರಿಸಿಕೊಳ್ಳುವಾಗಲೂ ಉದ್ದ ಸರಿಯಾಗಿರಬೇಕು, ಯಾಕೆಂದರೆ ಎರಡು ಗುಂಡುಗಳ ನಡುವಿನ ಅಂತರ ಬೇಸಿನ ಅಳತೆಗೆ ಕೂಡಿಬರದಿದ್ದರೆ ತಂತಿ ಕೂರುವುದೇ ಇಲ್ಲ. ಐದನೆಯ ತಂತಿಯ ಆಯ್ಕೆ ಇನ್ನೂ ಕಡಿಮೆ. ನಿಮಗಿಷ್ಟವಾದ ಕಂಪನಿಯ ಫ್ಲಾಟ್‌ವೌಂಡ್ ತಂತಿ ಎರಡು ಗುಂಡಿನ ರೂಪದಲ್ಲಿ ಬರುತ್ತದೆ ಎಂಬ ಖಾತ್ರಿಯಿಲ್ಲ.

ಹಾಗಾಗಿ ಈಗಿನ ಬಹುಪಾಲು ತಯಾರಕರು ಮೇಲುತುದಿಯಲ್ಲಿ ಸ್ಕ್ರೂ ಹಾಕಿ ಮಾಮೂಲಿ ತಂತಿಯನ್ನೇ ಹಿಡಿಸುತ್ತಾರೆ. ಇದು ನನ್ನ ಮಟ್ಟಿಗೆ ಕಡ್ಡಾಯ. 2020ರಲ್ಲಿ ಐಬನೀಜ್ ಕಂಪನಿ ಇಎಚ್‌ಬಿ ಸರಣಿ ತಂದಾಗ ಅದಕ್ಕೆ ಮಾಮೂಲಿ ತಂತಿ ಹಾಕಬಹುದೆನ್ನುವುದೇ ಅನೇಕರಿಗೆ ಸಮಾಧಾನದ ಸುದ್ದಿಯಾಗಿತ್ತು. ಸ್ಕ್ರೂ ಹಿಡಿತಕ್ಕೂ ಒಂದು ಜಾಗ್ರತೆ ಬೇಕು. ತಂತಿಯ ಒಳಗಿನ ಉಕ್ಕಿನ ಎಳೆ ಕೆಲವು ಕಂಪನಿಗಳಲ್ಲಿ ಷಟ್ಕೋನ, ಕೆಲವರಲ್ಲಿ ದುಂಡು. ಷಟ್ಕೋನದ ಮೂಲೆಗಳಿಗೆ ಮೇಲಿನ ಸುತ್ತು ಕಚ್ಚಿಕೊಂಡಿರುತ್ತದೆ, ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲ. ದುಂಡು ಎಳೆಯದನ್ನು ಸ್ಕ್ರೂ ಬಿಗಿಯುವ ಮೊದಲೇ ಕತ್ತರಿಸಿದರೆ ಸುತ್ತು ಸಡಿಲವಾಗಿ ಆ ತಂತಿ ಸತ್ತಹಾಗೆ. ಮೊದಲು ಬಿಗಿಯಿರಿ, ಶ್ರುತಿಗೆ ತನ್ನಿ, ಹೊರಗುಳಿದ ಬಾಲವನ್ನು ಮಡಚಿ, ಕತ್ತರಿ ಕೊನೆಗೆ. ಒಂದು ಸೆಟ್ ಬೇಸಿನಲ್ಲಿ, ಒಂದು ಸೆಟ್ ಬ್ಯಾಗಿನಲ್ಲಿ, ಒಂದು ಸೆಟ್ ಮನೆಯಲ್ಲಿ ಎಂಬುದು ನನ್ನ ಲೆಕ್ಕ.

5. ಸ್ಕ್ರೂ ಎಷ್ಟು ದೂರ ಓಡುತ್ತದೆ ನೋಡಿ

ಬಿರಡೆಗೆ ಕೊನೆಯಿಲ್ಲ, ಸುತ್ತುತ್ತಲೇ ಇರಬಹುದು. ಬಾಲದ ಸ್ಕ್ರೂಗೆ ಕೊನೆಯಿದೆ. ಅದು ತಂತಿಯನ್ನು ಎಳೆಯುವುದು ಬೆರಳ ಒಂದು ಗೆಣ್ಣಿನಷ್ಟೋ ಅದಕ್ಕೂ ಕಡಿಮೆಯೋ ದೂರ. ಮೇಲುತುದಿಯಲ್ಲಿ ತಂತಿಯನ್ನು ಸಡಿಲವಾಗಿ ಕಚ್ಚಿಸಿದರೆ ಆ ಓಟವೆಲ್ಲ ಸಡಿಲು ಎಳೆಯುವುದರಲ್ಲೇ ಖರ್ಚಾಗಿ, ಶ್ರುತಿ ಇನ್ನೂ ಅರ್ಧ ಸ್ವರ ಕೆಳಗಿರುವಾಗಲೇ ಸ್ಕ್ರೂ ನಿಲ್ಲುತ್ತದೆ. ಕಚ್ಚಿಸುವ ಮುನ್ನ ಇಕ್ಕಳದಿಂದ ತಂತಿಯನ್ನು ಬಿಗಿಯಾಗಿ ಎಳೆದು ಹಿಡಿದುಕೊಳ್ಳಬೇಕು. ಗಾಯಕಿಯ ಶ್ರುತಿಗಾಗಿ ಇ ತಂತಿಯನ್ನು ಡಿಗೆ ಇಳಿಸಿ ಮತ್ತೆ ಏರಿಸುವ ಅಭ್ಯಾಸವಿದ್ದರೆ ಅದಕ್ಕೂ ಜಾಗ ಉಳಿಸಬೇಕು. ತಲೆಗೆ ಜೋಡಿಸಿ ಒಂದೇ ಏಟಿಗೆ ಇಳಿಸುವ ಡಿ-ಟ್ಯೂನರ್ ಸನ್ನೆಗೋಲು ಇಲ್ಲಿ ಕೂರುವುದಿಲ್ಲ.

ನಾಲ್ಕು ತಂತಿಯ ಬೇಸಿನ ಮೇಲೆ ಒಟ್ಟು ಎಳೆತ 75ರಿಂದ 80 ಕೆಜಿ ಇರುತ್ತದೆ. ಇಷ್ಟು ಭಾರವನ್ನು ಸ್ಕ್ರೂಗಳ ಸಣ್ಣ ಮರೆಗಳೇ ಹಂಚಿಕೊಂಡು ಹೊರಬೇಕು. ಕಳಪೆ ಬ್ರಿಡ್ಜಿನಲ್ಲಿ ಶ್ರುತಿ ಹತ್ತಿರ ಬರುತ್ತಿದ್ದಂತೆ ಸ್ಕ್ರೂವಿನ ಗುಂಡಿ ಕಲ್ಲಿನಂತೆ ಬಿಗಿಯಾಗುತ್ತದೆ, ಬೆವರಿದ ಬೆರಳು ಜಾರುತ್ತದೆ. ಒಳ್ಳೆಯದರಲ್ಲಿ ಒಳಗೆ ಬೇರಿಂಗ್ ಇರುತ್ತದೆ, ಎರಡು ಬೆರಳಿನಲ್ಲಿ ತಿರುಗುತ್ತದೆ. ತಂತಿ ಬದಲಿಸುವಾಗಲೆಲ್ಲ ಮರೆಗೆ ಒಂದು ತೊಟ್ಟು ಗ್ರೀಸ್ ಹಾಕಿ. ತೆಂಗಿನೆಣ್ಣೆ ಹಾಕುವವರನ್ನು ಕಂಡಿದ್ದೇನೆ. ಧೂಳು ಹಿಡಿದು ಅದು ಅಂಟಾಗುತ್ತದೆ, ಬೇಡ.

ಹಿಡಿತದ ಸ್ಕ್ರೂ ಬಿಗಿಯುವ ಅಲೆನ್ ಕೀ ಮೂರು ಕಡೆ ಇರಲಿ. ಊರಾಚೆಯ ಜಾತ್ರೆ ಮೈದಾನದಲ್ಲಿ ರಾತ್ರಿ ಹತ್ತಕ್ಕೆ ಎರಡು ಮಿಲಿಮೀಟರ್ ಅಲೆನ್ ಕೀ ಎಲ್ಲಿಂದ ತರುತ್ತೀರಿ?

6. ಸದ್ದಿನ ಬಗ್ಗೆ ಕೇಳಿದ್ದರಲ್ಲಿ ಅರ್ಧ ಬಿಡಿ

ತಲೆ ಇಲ್ಲದ್ದರಿಂದ ನಾದ ತೆಳುವಾಗುತ್ತದೆ ಎನ್ನುವವರಿದ್ದಾರೆ, ಗಂಟೆಯಂತಾಗುತ್ತದೆ ಎನ್ನುವವರೂ ಇದ್ದಾರೆ. ನನ್ನ ಕಿವಿಗೆ ಪಿಕಪ್ಪು, ತಂತಿಯ ವಯಸ್ಸು, ಬಲಗೈ ಬೆರಳು ಬೀಳುವ ಜಾಗ ಈ ಮೂರೂ ತಲೆಗಿಂತ ದೊಡ್ಡ ಸಂಗತಿಗಳು. ಆದರೂ ತಲೆಗೂ ಒಂದು ನಿಜವಾದ ಪಾತ್ರವಿದೆ, ಅದು ಸತ್ತ ಸ್ವರಗಳದು.

ಫೆಂಡರ್ ಮಾದರಿಯ ಯಾವ ಬೇಸನ್ನಾದರೂ ತೆಗೆದುಕೊಂಡು ಜಿ ತಂತಿಯ ಐದರಿಂದ ಏಳನೆಯ ಫ್ರೆಟ್ಟಿನವರೆಗೆ ಒಂದೊಂದನ್ನೇ ಬಾರಿಸಿ ಬಿಡಿ. ಎಲ್ಲೋ ಒಂದು ಕಡೆ ಸ್ವರ ಉಳಿದವಕ್ಕಿಂತ ಬೇಗ ಆರಿಹೋಗುತ್ತದೆ. ಜರ್ಮನಿಯ ಸಂಶೋಧಕ ಹೆಲ್ಮುಟ್ ಫ್ಲೈಶರ್ ಇದನ್ನು ಅಳೆದು ತೋರಿಸಿದ್ದಾರೆ. ನೆಕ್ಕಿಗೂ ತನ್ನದೇ ಕಂಪನವಿದೆ. ತಂತಿಯ ಕಂಪನ ಅದಕ್ಕೆ ಕೂಡಿಬಂದ ಜಾಗದಲ್ಲಿ ನೆಕ್ಕು ತಂತಿಯ ಶಕ್ತಿಯನ್ನು ಕುಡಿದುಬಿಡುತ್ತದೆ. ತುದಿಯ ಭಾರ ತೆಗೆದರೆ ಆ ಕಂಪನದ ಜಾಗ ಮೇಲಕ್ಕೆ ಸರಿಯುತ್ತದೆ. ಸತ್ತ ಸ್ವರ ಪೂರ್ತಿ ಮಾಯವಾಗುತ್ತದೆ ಎಂದಲ್ಲ, ನಾವು ಹೆಚ್ಚು ಓಡಾಡುವ ಬೀದಿಯಿಂದ ಮನೆ ಬದಲಿಸುತ್ತದೆ. 1983ರ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳಲ್ಲಿ ಇಳಯರಾಜ ಬೇಸಿಗೆ ಕೊಟ್ಟ ಕೆಲಸ ಗೊತ್ತಿರುವವರಿಗೆ ಪ್ರತಿ ಸ್ವರವೂ ಒಂದೇ ಸಮ ನಿಲ್ಲಬೇಕಾದ ಅಗತ್ಯ ವಿವರಿಸಬೇಕಿಲ್ಲ. ಆ ಹಾಡುಗಳ ಬೇಡಿಕೆ ಇಲ್ಲದ ರಸಮಂಜರಿಯೇ ಇಲ್ಲ.

ಪೆಂಡಾಲಿನ ಜನರೇಟರ್ ಕರೆಂಟಿಗೆ ಅರ್ತಿಂಗ್ ಇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಅಲ್ಲಿ ಗುಂಯ್‌ಗುಡದ ಪಿಕಪ್ ಬೇಕು. ಒಂಬತ್ತು ವೋಲ್ಟಿನ ಬ್ಯಾಟರಿ ಹಾಕುವ ಇಎಂಜಿಯಂಥ ಸಕ್ರಿಯ ಪಿಕಪ್‌ಗಳು ಅಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ವೈರ್ ಕಿತ್ತಿಡದಿದ್ದರೆ ನುಡಿಸದಿದ್ದಾಗಲೂ ಬ್ಯಾಟರಿ ಸುಮ್ಮನೆ ಖರ್ಚಾಗುತ್ತಿರುತ್ತದೆ, ಅಷ್ಟೆ.

7. ಮಂಗಳೂರಿಗೊಂದು ನೆಕ್, ಕಲಬುರಗಿಗೊಂದು ನೆಕ್

ಮರದ ನೆಕ್ ಗಾಳಿಯ ತೇವ ಕುಡಿದು ಬಾಗುತ್ತದೆ, ಒಣಗಿ ನೆಟ್ಟಗಾಗುತ್ತದೆ. ಮಳೆಗಾಲದ ಕರಾವಳಿಯಲ್ಲಿ ಚೆನ್ನಾಗಿದ್ದ ತಂತಿಯ ಎತ್ತರ ಏಪ್ರಿಲ್‌ನ ಕಲಬುರಗಿಯಲ್ಲಿ ಫ್ರೆಟ್ಟಿಗೆ ತಾಗಿ ಕರಕರ ಎನ್ನುತ್ತದೆ. ನೆಕ್ಕಿನ ಬಾಗು ತಿದ್ದುವ ಟ್ರಸ್ ರಾಡ್‌ನ ಕಾಲು ಸುತ್ತು ಇದಕ್ಕೆ ಮದ್ದು. ತಲೆಯಿಲ್ಲದ ಬೇಸಿನಲ್ಲಿ ಆ ರಾಡಿನ ಬಾಯಿ ಎಲ್ಲಿದೆ ಎಂದು ಕೊಳ್ಳುವ ಮೊದಲೇ ನೋಡಿ. ಬಾಡಿಯ ಕಡೆ ಚಕ್ರದ ರೂಪದಲ್ಲಿದ್ದರೆ ಪುಣ್ಯ. ಮೇಲಿನ ಹಿಡಿತದ ಲೋಹದ ಅಡಿಯಲ್ಲಿದ್ದರೆ ಪ್ರತಿ ಸಲವೂ ತಂತಿಯೆಲ್ಲ ಬಿಚ್ಚಬೇಕು.

ಕಾರ್ಬನ್ ನಾರಿನ ನೆಕ್ಕಿಗೆ ಈ ಹವಾಮಾನದ ಗೊಡವೆಯಿಲ್ಲ. ತಂತಿ ಉಕ್ಕಿನದೇ ಆದ್ದರಿಂದ ವೇದಿಕೆಯ ದೀಪದ ಬಿಸಿಗೆ ಶ್ರುತಿ ತುಸು ಇಳಿಯುತ್ತದೆ, ಅದು ಯಾರಿಗೂ ತಪ್ಪಿದ್ದಲ್ಲ. ನನಗೆ ಮಾತ್ರ ಮರದ ಮೋಹ ಬಿಡಲಿಲ್ಲ. ಅದರಲ್ಲೂ ಫ್ರೆಟ್ ಹಲಗೆಗೆ ಬೀಟೆ. ನಮ್ಮ ಪಶ್ಚಿಮಘಟ್ಟದ ಬೀಟೆಯೇ ಜಗತ್ತಿನ ಗಿಟಾರ್ ತಯಾರಕರ ಇಂಡಿಯನ್ ರೋಸ್‌ವುಡ್. ಇಲ್ಲಿಂದ ಹಲಗೆಯಾಗಿ ಹೋದದ್ದು ಬೇಸಾಗಿ ಬಂದರೆ ಅದಕ್ಕೂ ಸುಂಕ ಕಟ್ಟುತ್ತೇವೆ. 2017ರ ಜನವರಿಯಿಂದ ಬೀಟೆಯ ಇಡೀ ಕುಲ ಅಪಾಯದಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿ, ಗಡಿ ದಾಟುವ ವಾದ್ಯಕ್ಕೂ ಕಾಗದಪತ್ರ ಬೇಕಾಯಿತು. 2019ರ ನವೆಂಬರ್‌ನಿಂದ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದರೂ ಯಾವ ಮರ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಸುಂಕದ ಕಟ್ಟೆಯಲ್ಲಿ ಕೂತವರಿಗೆ ಕಾಗದವೇ ಮಾತು.

8. ಬೂಟೀಕ್ ಎಂದರೆ ಒಬ್ಬ ಮನುಷ್ಯನ ಆರೋಗ್ಯ

ಲಂಡನ್ನಿನಲ್ಲಿ ಸೇಯ್ ಬೇಸುಗಳನ್ನು ಮಾಡುವ ಮಾರ್ಟಿನ್ ಪೀಟರ್ಸನ್ ಇರಲಿ, ಇಂಗ್ಲೆಂಡಿನಲ್ಲಿ ಸ್ಟೇಟಸ್ ಗ್ರಾಫೈಟ್ ಕಟ್ಟಿದ ರಾಬ್ ಗ್ರೀನ್ ಇರಲಿ, ಇಂಥ ವಾದ್ಯದ ಹಿಂದೆ ಒಂದು ಹೆಸರು, ಎರಡು ಕೈ ಇರುತ್ತವೆ. ಅದೇ ಅದರ ಸೊಗಸು. ನಿಮ್ಮ ಬೆರಳಿನ ಅಗಲ ಕೇಳಿ ತಂತಿಗಳ ನಡುವೆ 17 ಮಿಲಿಮೀಟರ್ ಬಿಡಲೇ 19 ಬಿಡಲೇ ಎಂದು ಆತ ಕಾಗದ ಬರೆಯುತ್ತಾನೆ. ಬಿ ತಂತಿ 30.9 ಹರ್ಟ್ಸ್‌ನಲ್ಲಿ ಸಡಿಲಾಗಿ ತೊನೆಯದಿರಲೆಂದು 35 ಇಂಚಿನ ಅಳತೆ ಸೂಚಿಸುತ್ತಾನೆ. ಕಾರ್ಖಾನೆ ಇಷ್ಟು ಮಾತಾಡುವುದಿಲ್ಲ.

ಅದೇ ಅದರ ಅಪಾಯ ಕೂಡ. ಆತನಿಗೆ ಬೆನ್ನು ನೋವು ಬಂದರೆ ನಿಮ್ಮ ಬೇಸ್ ತಡ. ಆತ ನಿವೃತ್ತನಾದರೆ ಬಿಡಿಭಾಗದ ಗತಿ ಮೊದಲ ಪಾಠದಲ್ಲಿ ಹೇಳಿದ್ದು. ಮುಂಗಡ ಕೊಟ್ಟು ಆರು ತಿಂಗಳಿಂದ ಒಂದೂವರೆ ವರ್ಷ ಕಾಯುವುದು ಈ ಲೋಕದಲ್ಲಿ ಮಾಮೂಲು, ಆ ನಡುವೆ ಯೂರೋ ಏರುತ್ತಿರುತ್ತದೆ. ಸಾಗಣೆ, ವಿಮೆ, ಸುಂಕ, ಜಿಎಸ್‌ಟಿ ಸೇರಿದರೆ ತಯಾರಕ ಹೇಳಿದ ಬೆಲೆ ಅರ್ಧ ಕಥೆ. ಮಾರುವ ಹೊತ್ತು ಬಂದರೆ ಇನ್ನೂ ಕಠಿಣ. ಫೆಂಡರ್ ಜಾಝ್ ಬೇಸ್ ಮಾರಲು ಒಂದು ಫೋನ್ ಕರೆ ಸಾಕು. ತಲೆಯಿಲ್ಲದ, ನಿಮ್ಮ ಬೆರಳಿಗೆಂದೇ ಅಳೆದು ಮಾಡಿದ ವಾದ್ಯಕ್ಕೆ ಇಡೀ ದೇಶದಲ್ಲಿ ಗಿರಾಕಿಗಳು ಬೆರಳೆಣಿಕೆಯಷ್ಟು, ಅವರೆಲ್ಲರಿಗೂ ನಿಮ್ಮ ಅವಸರ ಗೊತ್ತಿರುತ್ತದೆ. ಹೂಡಿಕೆ ಎಂಬ ನೆಪ ಹೇಳಿ ಮನೆಯವರನ್ನು ಒಪ್ಪಿಸಬೇಡಿ.

ಹಾಗಾದರೆ ಯಾಕೆ ಕೊಳ್ಳಬೇಕು? ಕಾರ್ಖಾನೆಯ ತಲೆಯಿಲ್ಲದ ಬೇಸೊಂದರ ಜೊತೆ ವರ್ಷವಿಡೀ ಬಾಳಿ ನೋಡಿದ ಮೇಲೆ, ನೆಕ್ಕಿನ ದಪ್ಪ ಇಷ್ಟಿದ್ದರೆ, ಕೊಂಬು ಇನ್ನೆರಡು ಬೆರಳು ಉದ್ದವಿದ್ದರೆ ಎಂದು ನಿಮಗೇ ಸ್ಪಷ್ಟವಾಗಿ ಗೊತ್ತಾದರೆ ಕೊಳ್ಳಿ. ಹೇಳಲು ಏನೂ ಇಲ್ಲದವನು ಬೂಟೀಕ್ ತಯಾರಕನ ಬಳಿ ಹೋದರೆ ತಯಾರಕನ ಇಷ್ಟದ ವಾದ್ಯ ಮನೆಗೆ ಬರುತ್ತದೆ.

9. ಸಣ್ಣ ಕಿರಿಕಿರಿಗಳು

ಗೋಡೆಯ ಕೊಕ್ಕೆಗೆ ನೇತು ಹಾಕಲಾಗದು, ಕೊಕ್ಕೆ ಹಿಡಿಯಲು ತಲೆ ಬೇಕು. ಮಾಮೂಲಿ ಸ್ಟ್ಯಾಂಡಿನ ಕುತ್ತಿಗೆಯೂ ಇದಕ್ಕೆ ಹೊಂದದು, ಬಾಡಿಯನ್ನು ಹಿಡಿಯುವ ಗಿಡ್ಡ ಸ್ಟ್ಯಾಂಡ್ ಬೇಕು. ಆಂಪ್ಲಿಫೈಯರಿಗೆ ಒರಗಿಸಿದರೆ ಬಾಲದ ಸ್ಕ್ರೂಗಳೇ ನೆಲಕ್ಕೆ ತಾಗಿ ಶ್ರುತಿ ಕೆಡುತ್ತದೆ. ತಲೆಗೆ ಚಿಮ್ಮಟದಂತೆ ಸಿಕ್ಕಿಸುವ ಟ್ಯೂನರ್‌ಗೆ ಜಾಗವಿಲ್ಲ, ಪೆಡಲ್ ಟ್ಯೂನರ್ ಕೊಳ್ಳಿ.

10. ಸ್ಟುಡಿಯೋಗೆ ಹೋಗುವಾಗ

ತಲೆಯಿರುವ ಹಳೆಯ ಫೆಂಡರ್ ಪ್ರಿಸಿಷನ್ ಬೇಸನ್ನು ನಾನು ಮಾರಿಲ್ಲ. ಧ್ವನಿಮುದ್ರಣದಲ್ಲಿ ಕೂತೇ ನುಡಿಸುತ್ತೇವೆ, ಹೆಗಲಿನ ಪ್ರಶ್ನೆಯಿಲ್ಲ. ಆ ಮಾದರಿ ಬಂದ 1951ರಿಂದ ಸಂಗೀತ ನಿರ್ದೇಶಕರ ಕಿವಿಯಲ್ಲಿ ಕೂತಿರುವ ಸದ್ದು ಅದೇ. ಕೆಲವರಿಗೆ ಕಣ್ಣಿನಿಂದಲೇ ಕೇಳುವ ಅಭ್ಯಾಸ, ಬ್ಯಾಗಿನಿಂದ ತಲೆಯಿಲ್ಲದ್ದು ಹೊರಬಂದರೆ ‘ಎಂಬತ್ತರ ದಶಕದ ಸೌಂಡ್ ಬೇಡ’ ಎನ್ನುತ್ತಾರೆ. ವಾದ ಮಾಡುವುದಿಲ್ಲ. ಟಿವಿ ಕಾರ್ಯಕ್ರಮಕ್ಕೆ ಕರೆದವರು ಇದಕ್ಕೆ ತದ್ವಿರುದ್ಧ, ‘ಆ ತಲೆ ಇಲ್ಲದ್ದೇ ತನ್ನಿ ಸಾರ್’ ಎಂದು ಕೇಳಿ ತರಿಸಿಕೊಳ್ಳುತ್ತಾರೆ.

11. ಪರೀಕ್ಷೆ ಮಾಡುವ ಕ್ರಮ

ಯಾರಾದರೂ ಮಾರಲು ತಂದರೆ, ಅಥವಾ ಪೆಟ್ಟಿಗೆ ವಿದೇಶದಿಂದ ಬಂದಿಳಿದ ದಿನ, ನಾನು ಮಾಡುವುದು ಹೀಗೆ. ಆಂಪ್ಲಿಫೈಯರ್‌ಗೆ ಸಿಕ್ಕಿಸುವ ಮೊದಲು ಪ್ರತಿ ತಂತಿಯನ್ನೂ ಎರಡು ಸ್ವರ ಇಳಿಸಿ ಮತ್ತೆ ಏರಿಸುತ್ತೇನೆ. ಗುಂಡಿ ಎಲ್ಲಾದರೂ ತಡೆದರೆ, ಕರಕರ ಎಂದರೆ ಮರೆ ಸವೆದಿದೆ. ನಿಂತು, ಬೆಲ್ಟ್ ಹಾಕಿ, ಎರಡೂ ಕೈ ಬಿಟ್ಟು ಅದು ಎತ್ತ ವಾಲುತ್ತದೆ ನೋಡುತ್ತೇನೆ. ಹಲವು ತಲೆಯಿಲ್ಲದ ಬೇಸುಗಳಲ್ಲಿ ನಟ್ಟಿನ ಜಾಗದಲ್ಲಿ ಸೊನ್ನೆಯ ಫ್ರೆಟ್ ಇರುತ್ತದೆ. ತೆರೆದ ತಂತಿಗಳು ಸದಾ ಅದರ ಮೇಲೆ ಉಜ್ಜುವುದರಿಂದ ಮೊದಲು ತಗ್ಗು ಬೀಳುವುದೂ ಅಲ್ಲಿಯೇ, ಅದನ್ನು ಉಗುರಿನಿಂದ ಮುಟ್ಟಿ ನೋಡುತ್ತೇನೆ. ಒಂದು ತಂತಿ ಬಿಚ್ಚಿ ಬಳೇಪೇಟೆಯಲ್ಲಿ ಕೊಂಡ ಮಾಮೂಲಿ ಸೆಟ್ಟಿನದೊಂದನ್ನು ಹಾಕಿ ಶ್ರುತಿ ಮಾಡಿ ಅರ್ಧ ಗಂಟೆ ಬಿಡುತ್ತೇನೆ. ಜಾರದೆ ನಿಂತರೆ ಮಾತ್ರ ವೈರ್ ಸಿಕ್ಕಿಸಿ ಸದ್ದು ಕೇಳುವುದು. ಮಾರುವವರಿಗೆ ಅಷ್ಟರಲ್ಲಿ ಎರಡು ಕಾಫಿ ಆಗಿರುತ್ತದೆ.